ಮೂಡುಗಾಳಿ ನಿಲ್ಲದ ದಿನ: ಕರಾವಳಿ, ಘಟ್ಟ ಮತ್ತು ಒಳನಾಡಿನ ಬೆಂಕಿ ಹವೆ

ಪ್ರಶ್ನೆ: ನಮ್ಮ ಮನೆ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಚಾರ್ಮಾಡಿ ಘಾಟಿಯ ಬುಡಕ್ಕೆ ಹತ್ತಿರ ಇದೆ. ಫೆಬ್ರುವರಿ, ಮಾರ್ಚ್ ಬಂತೆಂದರೆ ಮೇಲಿನ ಗುಡ್ಡಗಳಲ್ಲಿ ಹೊಗೆ ಕಾಣುತ್ತದೆ. ಬೆವರು ಆರದಷ್ಟು ತೇವ ಗಾಳಿಯಲ್ಲಿರುವ ಕರಾವಳಿಯ ಕಡೆ ಕಾಡಿಗೆ ಬೆಂಕಿ ಹಿಡಿಯುವುದಾದರೂ ಹೇಗೆ? ಬಂಡೀಪುರದ ಒಣ ಕಾಡಿನ ಬೆಂಕಿಗೂ ಇದಕ್ಕೂ ಕಾರಣ ಒಂದೆಯೆ? ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟ ದಿನವನ್ನೇ ಬೆಂಕಿಯ ಅಪಾಯದ ದಿನ ಎಂದು ತಿಳಿಯಬಹುದೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎರಡಕ್ಕೂ ಉತ್ತರ ಅದರೊಳಗೇ ಇದೆ. ಕರಾವಳಿಯಲ್ಲಿ ಬಿಸಿಗಾಳಿಯ ಎಚ್ಚರಿಕೆ ಬಂದ ದಿನ ಗುಡ್ಡಕ್ಕೆ ಬೆಂಕಿ ತಗಲುವ ಅಪಾಯವೂ ಹೆಚ್ಚಾಗಿಯೇ ಇರುತ್ತದೆ; ಆದರೆ ಬೆಂಕಿಗೆ ಕಾರಣ ಆ ದಿನದ ಉಷ್ಣತೆಯಲ್ಲ. ಉಷ್ಣತೆಯನ್ನು ಏರಿಸಿದ್ದೂ ಕಾಡನ್ನು ಒಣಗಿಸಿದ್ದೂ ಒಂದೇ ಗಾಳಿ, ಅಂದರೆ ಹೊತ್ತು ಮಧ್ಯಾಹ್ನಕ್ಕೆ ಬಂದರೂ ಹಿಂದೆ ಸರಿಯದ ಮೂಡುಗಾಳಿ. ಒಳನಾಡಿನಲ್ಲಿ ಈ ಲೆಕ್ಕ ಹೀಗಿಲ್ಲ. ಅಲ್ಲಿ ಯಾವುದೋ ಒಂದು ದಿನದ ಗಾಳಿಗಿಂತ ಹಿಂದಿನ ಮೂರು ನಾಲ್ಕು ತಿಂಗಳ ಮಳೆಯಿಲ್ಲದ ದಿನಗಳು ಹೆಚ್ಚು ಮಾತಾಡುತ್ತವೆ. ಆದ್ದರಿಂದ ಥರ್ಮಾಮೀಟರಿನ ಅಂಕಿಯೊಂದನ್ನೇ ನಂಬಿಕೊಂಡು ಬೆಂಕಿಯ ಅಪಾಯವನ್ನು ಅಳೆಯಹೊರಟವರು ಕರಾವಳಿಯಲ್ಲಿ ಅರ್ಧ ಸರಿಯಾಗಿಯೂ ಒಳನಾಡಿನಲ್ಲಿ ಬಹುಪಾಲು ತಪ್ಪಾಗಿಯೂ ಊಹಿಸುತ್ತಾರೆ.

ಕಾಡಿನಲ್ಲಿ ಮೊದಲು ಉರಿಯುವುದು ಮರವಲ್ಲ. ಉದುರಿದ ಎಲೆ, ಸತ್ತ ಹುಲ್ಲು, ಕಡ್ಡಿ, ಸಿಪ್ಪೆ. ಇವುಗಳಿಗೆ ಜೀವವಿಲ್ಲದ ಕಾರಣ ಬೇರಿನಿಂದ ನೀರು ಬರುವುದಿಲ್ಲ. ಸುತ್ತಲಿನ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಹೀರಿಕೊಳ್ಳುತ್ತವೆ, ಕಡಿಮೆಯಾದರೆ ಬಿಟ್ಟುಕೊಡುತ್ತವೆ. ಮಳೆಗಾಲದಲ್ಲಿ ಡಬ್ಬಿಯ ಹೊರಗಿಟ್ಟ ಹಪ್ಪಳ ಮೆತ್ತಗಾಗುವುದೂ ಇದೇ ನಿಯಮದಿಂದ. ಹುಲ್ಲಿನ ಕಡ್ಡಿ ಅಥವಾ ತೆಳುವಾದ ಎಲೆ ಗಾಳಿಯ ತೇವಕ್ಕೆ ಹೊಂದಿಕೊಳ್ಳಲು ಒಂದು ಗಂಟೆಯಷ್ಟು ಹೊತ್ತು ಸಾಕು. ಹೆಬ್ಬೆರಳ ಗಾತ್ರದ ಕಡ್ಡಿಗೆ ಹತ್ತು ಗಂಟೆಯ ಆಸುಪಾಸು, ತೋಳಿನ ಗಾತ್ರದ ಕೊಂಬೆಗೆ ನಾಲ್ಕೈದು ದಿನ, ಬಿದ್ದ ದಪ್ಪ ದಿಮ್ಮಿಗೆ ತಿಂಗಳಿಗೂ ಮೀರಿದ ಕಾಲ ಬೇಕು. ಬೆಂಕಿಯನ್ನು ಅಧ್ಯಯನ ಮಾಡುವವರು ಇಂಧನವನ್ನು ಒಂದು ಗಂಟೆಯದು, ಹತ್ತು ಗಂಟೆಯದು, ನೂರು ಗಂಟೆಯದು, ಸಾವಿರ ಗಂಟೆಯದು ಎಂದು ವಿಂಗಡಿಸುವುದು ಈ ಲೆಕ್ಕದಿಂದಲೇ. ಕರಾವಳಿಯ ಬೆಂಕಿ ಹೆಚ್ಚಾಗಿ ಒಂದು ಗಂಟೆಯ ಇಂಧನದ ಕತೆ. ಬಂಡೀಪುರದ ಬೆಂಕಿ ನೂರು ಮತ್ತು ಸಾವಿರ ಗಂಟೆಯ ಇಂಧನವೂ ಸೇರಿದ ಕತೆ.

ಈಗ ಅಂಕಿಗಳನ್ನು ನೋಡೋಣ. ಉಷ್ಣತೆ 33 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜವಾಗಿ ಇರುವ ಪಾಲು) ಶೇ 60 ಇರುವ ಮಧ್ಯಾಹ್ನ ನಿಮ್ಮೂರಿನಲ್ಲಿ ಸಾಧಾರಣ. ಅಂಥ ಗಾಳಿಯಲ್ಲಿ ಬಹಳ ಹೊತ್ತು ಇದ್ದ ಸತ್ತ ಹುಲ್ಲಿನಲ್ಲಿ ಅದರ ಒಣತೂಕದ ಶೇ 10ರಷ್ಟು ನೀರು ಉಳಿದಿರುತ್ತದೆ. ಅದೇ 33 ಡಿಗ್ರಿಯಲ್ಲಿ ಆರ್ದ್ರತೆ ಶೇ 18ಕ್ಕೆ ಇಳಿದರೆ, ಗುಂಡ್ಲುಪೇಟೆಯ ಬದಿಯಲ್ಲಿ ಬೇಸಗೆಯ ಆರಂಭದ ಮಧ್ಯಾಹ್ನಗಳು ಹಾಗೆಯೇ ಇರುತ್ತವೆ, ಹುಲ್ಲಿನಲ್ಲಿ ಉಳಿಯುವ ನೀರು ಶೇ 4ಕ್ಕಿಂತಲೂ ತುಸು ಕಡಿಮೆ. ಉಷ್ಣತೆಯಲ್ಲಿ ಒಂದು ಡಿಗ್ರಿಯ ವ್ಯತ್ಯಾಸವೂ ಇಲ್ಲದೆ ಗಾಳಿಯ ನೀರು ಹೀರುವ ಹಸಿವು ಇಮ್ಮಡಿಯಾಗುತ್ತದೆ. ಶೇ 10ರಷ್ಟು ತೇವವಿರುವ ಹುಲ್ಲಿಗೆ ಬೆಂಕಿ ಹತ್ತುವುದೇ ಇಲ್ಲ ಎಂದಲ್ಲ, ಹತ್ತುತ್ತದೆ; ಆದರೆ ತೆವಳುತ್ತದೆ, ಸೊಪ್ಪಿನ ಕಟ್ಟು ಹಿಡಿದ ಇಬ್ಬರು ಬಡಿದು ಆರಿಸಬಹುದು. ಶೇ 4ರ ಹುಲ್ಲಿನಲ್ಲಿ ಒಂದು ಕಿಡಿ ಬಿದ್ದರೆ ಸಾಕು, ಹೆಚ್ಚು ಕಡಿಮೆ ಪ್ರತಿ ಕಿಡಿಯೂ ಹೊಸ ಬೆಂಕಿಯಾಗುತ್ತದೆ. ಹೀಗಾಗಿ ನಿಮಗೆ ಬೆವರು ಹರಿಸುವ ಆ ಸೆಕೆ ವಾಸ್ತವದಲ್ಲಿ ನಿಮ್ಮ ಗುಡ್ಡವನ್ನು ಕಾಯುತ್ತಿರುತ್ತದೆ. ಆತಂಕ ಪಡಬೇಕಾದದ್ದು ಬೆವರು ಬರುವ ದಿನವಲ್ಲ, ಮಧ್ಯಾಹ್ನವೂ ತುಟಿ ಒಡೆದು, ಒಗೆದ ಬಟ್ಟೆ ಗಳಿಗೆಯಲ್ಲಿ ಗರಿಗರಿಯಾಗಿ ಒಣಗುವ ದಿನ.

ಆ ದಿನ ಬರುವುದು ಹೇಗೆಂಬುದು ನಿಮ್ಮ ಮೊದಲ ಪ್ರಶ್ನೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಗಾಳಿ ಮೂಡಣದಿಂದ ಅಥವಾ ಈಶಾನ್ಯದಿಂದ ಬೀಸುತ್ತದೆ. ಅದು ಘಟ್ಟದ ನೆತ್ತಿಗೆ ಬಂದು ಕರಾವಳಿಯ ಕಡೆಗೆ ಇಳಿಯುತ್ತದೆ. ಇಳಿಯುವ ಗಾಳಿಯ ಮೇಲೆ ಒತ್ತಡ ಹೆಚ್ಚುತ್ತ ಹೋಗುವುದರಿಂದ ಅದು ಬಿಸಿಯಾಗುತ್ತದೆ, ಪ್ರತಿ ಸಾವಿರ ಮೀಟರಿಗೆ ಹತ್ತು ಡಿಗ್ರಿಯಷ್ಟು. ಇಲ್ಲಿ ಸೂರ್ಯನ ಪಾತ್ರವೇನೂ ಇಲ್ಲ. ಉದಾಹರಣೆಗೆ, 900 ಮೀಟರ್ ಎತ್ತರದ ಘಟ್ಟದ ನೆತ್ತಿಯಲ್ಲಿ ಗಾಳಿ 28 ಡಿಗ್ರಿ ಇದ್ದು ಅದರ ಆರ್ದ್ರತೆ ಶೇ 35 ಇದೆಯೆಂದು ಇಟ್ಟುಕೊಳ್ಳಿ. ಮೂಡಿಗೆರೆಯ ಕಡೆಯವರಿಗೆ ಅದು ಹಿತವಾದ ಹವೆ. ಅದೇ ಗಾಳಿ ಬೇರೆ ಗಾಳಿಯೊಡನೆ ಬೆರೆಯದೆ ಸಮುದ್ರಮಟ್ಟಕ್ಕೆ ಇಳಿದರೆ 37 ಡಿಗ್ರಿಯ ಹತ್ತಿರ ಬರುತ್ತದೆ, ಆರ್ದ್ರತೆ ಶೇ 24ಕ್ಕೆ ಕುಸಿಯುತ್ತದೆ. ಒಂದು ಹನಿ ನೀರನ್ನೂ ಕಳೆದುಕೊಳ್ಳದೆಯೇ ಗಾಳಿ ಒಣಗಿದಂತಾಯಿತು.

ಹೆಚ್ಚಿನ ದಿನಗಳಲ್ಲಿ ಇದಕ್ಕೆ ತಡೆಯಾಗಿ ನಿಲ್ಲುವುದು ಕಡಲಗಾಳಿ. ರಾತ್ರಿಯಿಡೀ ಮತ್ತು ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಬೀಸುತ್ತಿದ್ದ ಗಾಳಿ, ನೆಲ ಕಾದಂತೆ ದುರ್ಬಲವಾಗಿ, ಬೆಳಿಗ್ಗೆ 11ರಿಂದ 12ರೊಳಗೆ ದಿಕ್ಕು ಬದಲಿಸುತ್ತದೆ. ಪಡುಗಾಳಿ ಒಳಗೆ ಬಂದ ಕೂಡಲೇ ಉಷ್ಣತೆಯ ಏರಿಕೆ ನಿಂತು ಆರ್ದ್ರತೆ ಮೇಲೇಳುತ್ತದೆ. ಮಂಗಳೂರಿನಲ್ಲಿ ದಿನದ ಗರಿಷ್ಠ ಉಷ್ಣತೆ ಹಲವು ಬಾರಿ ಮಧ್ಯಾಹ್ನಕ್ಕೆ ಮೊದಲೇ ದಾಖಲಾಗಿಬಿಡುವುದು ಇದರಿಂದಲೇ. ನಿಮ್ಮೂರು ಕಡಲಿನಿಂದ ದೂರ ಇರುವುದರಿಂದ ಪಡುಗಾಳಿ ಅಲ್ಲಿಗೆ ಎರಡು ಮೂರು ಗಂಟೆ ತಡವಾಗಿ ಮುಟ್ಟುತ್ತದೆ, ಅಷ್ಟು ಹೊತ್ತು ನಿಮ್ಮ ಗುಡ್ಡ ಹೆಚ್ಚು ಒಣಗುತ್ತದೆ ಎಂಬುದನ್ನು ಮರೆಯಬಾರದು. ಆದರೆ ಕೆಲವು ದಿನ, ಮಧ್ಯ ಭಾರತದ ಮೇಲೆ ಅಧಿಕ ಒತ್ತಡ ಬಲವಾಗಿ ಕುಳಿತಾಗ, ಮೂಡುಗಾಳಿ ಪಡುಗಾಳಿಯನ್ನು ಕಡಲಂಚಿನಲ್ಲೇ ತಡೆದು ನಿಲ್ಲಿಸುತ್ತದೆ. ಮಧ್ಯಾಹ್ನ ಒಂದು ಗಂಟೆ, ಎರಡು ಗಂಟೆಯಾದರೂ ತೆಂಗಿನ ಗರಿ ಪಶ್ಚಿಮಕ್ಕೇ ತೂಗುತ್ತಿರುತ್ತದೆ. ಹೊನ್ನಾವರ, ಕಾರವಾರ, ಪಣಂಬೂರು, ಬಜಪೆಗಳ ಉಷ್ಣತೆ ಫೆಬ್ರುವರಿ ಮುಗಿಯುವ ಮೊದಲೇ 37, 38 ಡಿಗ್ರಿಗೆ ಏರಿ, ಕಲಬುರಗಿ, ರಾಯಚೂರುಗಳನ್ನೂ ಮೀರಿಸಿ ಸುದ್ದಿಯಾಗುವುದು ಇಂಥ ದಿನಗಳಲ್ಲಿ. ಕರಾವಳಿಯ ಕೇಂದ್ರದಲ್ಲಿ ಗರಿಷ್ಠ ಉಷ್ಣತೆ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಕರೆಯುತ್ತದೆ. ಬಯಲುಸೀಮೆಗೆ ಈ ಮಿತಿ 40 ಡಿಗ್ರಿ. ಪತ್ರಿಕೆಗಳು ಈ ದಿನಗಳನ್ನು ಬಿಸಿಲಿನ ಝಳ ಎಂದು ಬರೆಯುತ್ತವೆ. ಅದು ಝಳಕ್ಕಿಂತ ಹೆಚ್ಚಾಗಿ ಕಡಲಗಾಳಿಯ ಗೈರುಹಾಜರಿ.

ಗೋವಾದಲ್ಲಿ 2023ರ ಮಾರ್ಚ್ ಮೊದಲಾರ್ಧದಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮಹದಾಯಿ ವನ್ಯಧಾಮದಲ್ಲೂ ಸುತ್ತಲಿನ ಘಟ್ಟದ ಇಳಿಜಾರುಗಳಲ್ಲೂ ಒಂದರ ಹಿಂದೆ ಒಂದರಂತೆ ಹಲವಾರು ಕಡೆ ಬೆಂಕಿ ಕಾಣಿಸಿಕೊಂಡು, ಆರಿಸಲು ನೌಕಾಪಡೆ ಮತ್ತು ವಾಯುಪಡೆಯ ಹೆಲಿಕಾಪ್ಟರುಗಳನ್ನು ಕರೆಸಬೇಕಾಯಿತು. ಆ ವಾರವೇ ಕೊಂಕಣ ತೀರಕ್ಕೆ ಬಿಸಿಗಾಳಿಯ ಎಚ್ಚರಿಕೆಯೂ ಇತ್ತು. ಬೆಂಕಿ ಯಾರು ಹಚ್ಚಿದರು ಎಂಬ ವಾದ ಅಲ್ಲಿ ಬಹಳ ದಿನ ನಡೆಯಿತು, ಆ ಪ್ರಶ್ನೆ ಸಹಜವೂ ಹೌದು. ನಮ್ಮ ಕಾಡುಗಳಲ್ಲಿ ಬೆಂಕಿಯ ಕಿಡಿ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಮನುಷ್ಯರಿಂದಲೇ ಬರುತ್ತದೆ. ಬಿದಿರು ಬಿದಿರು ಉಜ್ಜಿ ಬೆಂಕಿ ಹುಟ್ಟಿತು ಎಂಬ ಮಾತನ್ನು ನಾನು ಕಾರಣವಾಗಿ ಪರಿಗಣಿಸುವುದಿಲ್ಲ. ಆದರೆ ಕಿಡಿ ಹಚ್ಚುವ ಕೈ ವರ್ಷವಿಡೀ ಇರುತ್ತದೆ. ಜನವರಿಯಲ್ಲಿ ಬಿಸಾಡಿದ ಬೀಡಿ ಅಲ್ಲೇ ಆರಿಹೋಗಿ, ಮಾರ್ಚ್‌ನ ಒಂದು ವಾರ ಮಾತ್ರ ಹತ್ತಾರು ಕಡೆ ಉರಿದೆದ್ದಿತೆಂದರೆ, ಆ ವಾರದ ಹವೆಯನ್ನು ಕೇಳದೆ ಉತ್ತರ ಪೂರ್ತಿಯಾಗುವುದಿಲ್ಲ.

ನೀವೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಮನೆಯ ಹಿಂದಿನ ಗುಡ್ಡದಲ್ಲಿ ನಿಂತೊಣಗಿದ ಮುಳಿಹುಲ್ಲನ್ನು ಬೆಳಿಗ್ಗೆ 7ಕ್ಕೆ ಒಂದು ಹಿಡಿ ಕಿತ್ತು ಬೆರಳಿಗೆ ಸುತ್ತಿ. ಇಬ್ಬನಿಯಿಂದಾಗಿ ಅದು ದಾರದಂತೆ ಸುತ್ತಿಕೊಳ್ಳುತ್ತದೆ, ಮುರಿಯುವುದಿಲ್ಲ. ಅದೇ ಜಾಗದ ಹುಲ್ಲನ್ನು ಮಧ್ಯಾಹ್ನ 3 ಗಂಟೆಗೆ ಮಡಚಿದರೆ, ಪಡುಗಾಳಿ ಬಂದ ದಿನ ಬಗ್ಗಿ ನಿಧಾನ ಸೀಳುತ್ತದೆ. ಮೂಡುಗಾಳಿ ನಿಲ್ಲದ ದಿನ ಚಟ್ಟೆಂದು ತುಂಡಾಗಿ, ಉಜ್ಜಿದರೆ ಅಂಗೈಯಲ್ಲಿ ಪುಡಿಯಾಗುತ್ತದೆ. ಗೇರು ತೋಪಿನ ಎಲೆ, ಅಕೇಶಿಯಾ ನೆಡುತೋಪಿನಲ್ಲಿ ಕಾಲು ಹೂತುಹೋಗುವಷ್ಟು ದಪ್ಪವಾಗಿ ಬಿದ್ದಿರುವ ತರಗು, ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳ ದರಕು, ಎಲ್ಲಕ್ಕೂ ಇದೇ ಮಾತು ಸಲ್ಲುತ್ತದೆ. ಇಷ್ಟು ಮಳೆ ಬೀಳುವ ಊರಲ್ಲಿ ಬೆಂಕಿಯೇ ಎಂದು ಹಲವರು ಕೇಳುತ್ತಾರೆ. ಬೆಳ್ತಂಗಡಿಯ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ, ನಿಜ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ, ಮತ್ತು ಆ ಮಳೆ ಬೆಳೆಸಿದ ಆಳೆತ್ತರದ ಹುಲ್ಲೇ ಮಾರ್ಚ್‌ನಲ್ಲಿ ಇಂಧನವಾಗಿ ನಿಲ್ಲುತ್ತದೆ. ಹೆಚ್ಚು ಮಳೆ ಬೆಂಕಿಯನ್ನು ತಡೆಯುವುದಕ್ಕಿಂತ ಅದಕ್ಕೆ ಉಣಿಸು ಕೂಡಿಡುತ್ತದೆ ಎಂದರೂ ತಪ್ಪಲ್ಲ.

ಚಾರ್ಮಾಡಿ, ಕುದುರೆಮುಖದ ಕಡೆ ನೀವು ಕಂಡಿರಬಹುದು, ಬೆಂಕಿ ಬೋಳುಗುಡ್ಡದ ಹುಲ್ಲನ್ನು ಬಳಿದುಕೊಂಡು ಹೋಗಿ, ಕಣಿವೆಯ ಶೋಲಾ ಕಾಡಿನ ಅಂಚಿಗೆ ಬಂದು ನಿಂತುಬಿಡುತ್ತದೆ. ಕಪ್ಪು ಹುಲ್ಲಿಗೂ ಹಸಿರು ಮರಕ್ಕೂ ನಡುವೆ ಚಾಕುವಿನಿಂದ ಗೀರಿದಂಥ ಗೆರೆ. ಶೋಲಾದ ಒಳಗೆ ನೆರಳೂ ತೇವವೂ ಹಗಲೆಲ್ಲ ಉಳಿಯುವುದರಿಂದ ಅಲ್ಲಿನ ಎಲೆಹಾಸು ಉರಿಯುವಷ್ಟು ಒಣಗುವುದಿಲ್ಲ. ಆದರೆ ಅದೇ ಅಂಚು ವರ್ಷ ವರ್ಷ ಸುಟ್ಟರೆ ಅಂಚಿನ ಮರಗಳು ಸತ್ತು, ಬೆಳಕು ಒಳಗೆ ಬಂದು, ಹುಲ್ಲು ಹೊಕ್ಕು, ಗೆರೆ ಒಂದೊಂದೇ ಅಡಿ ಒಳಕ್ಕೆ ಸರಿಯುತ್ತದೆ.

ಘಟ್ಟದ ಇಳಿಜಾರಿನಲ್ಲಿ ಪಡುಗಾಳಿಯ ಬಗ್ಗೆ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು, ಏಕೆಂದರೆ ಇಷ್ಟು ಹೊತ್ತು ಅದನ್ನು ಕಾವಲುಗಾರನಂತೆ ವರ್ಣಿಸಿದ್ದೇನೆ. ಬೆಂಕಿ ಇನ್ನೂ ಹತ್ತದಿರುವಾಗ ಪಡುಗಾಳಿ ರಕ್ಷಣೆ. ಹತ್ತಿದ ಮೇಲೆ ಬಂದರೆ ಅದೇ ಅಪಾಯ. ಬೆಳಗಿನಿಂದ ಮೂಡುಗಾಳಿಗೆ ಕೆಳಮುಖವಾಗಿ ನಿಧಾನ ಉರಿಯುತ್ತಿದ್ದ ಬೆಂಕಿಯ ಉದ್ದನೆಯ ಪಕ್ಕೆ, ಗಾಳಿ ಒಮ್ಮೆಲೇ ಪಡುವಣದ ಕಡೆಯಿಂದ ಓರೆಯಾಗಿ ಬೀಸತೊಡಗಿದಾಗ ಬೆಂಕಿಯ ಮುಖವಾಗಿ ಮಾರ್ಪಡುತ್ತದೆ. ನೂರು ಮೀಟರಿನ ಮುಖ ಸಾವಿರ ಮೀಟರಿನದಾಗುತ್ತದೆ. ಅದರ ಮೇಲೆ ಇಳಿಜಾರು ಬೇರೆ: ಏರುಮುಖವಾಗಿ ಹೋಗುವ ಬೆಂಕಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿಕೊಳ್ಳುವುದರಿಂದ, ಇಳಿಜಾರಿನ ಕೋನ ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಅದರ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೆಂಕಿ ನಂದಿಸುವವರು ಬಳಸುವ ಸ್ಥೂಲ ಲೆಕ್ಕ. ಬಿಸಿಲಿಗೆ ಕಾದ ಪಶ್ಚಿಮದ ಮೈ, ಏರುವ ಕಣಿವೆಗಾಳಿ, ಹಿಂದಿನಿಂದ ಕಡಲಗಾಳಿ, ಮೂರೂ ಮಧ್ಯಾಹ್ನ 2ರಿಂದ 4ರ ನಡುವೆ ಕೂಡಿದಾಗ ಬೆಂಕಿಗಿಂತ ಮೇಲೆ ನಿಂತು ಸೊಪ್ಪು ಹಿಡಿದು ಬಡಿಯುವವರಿಗೆ ಓಡಲು ಸಮಯ ಸಿಗುವುದಿಲ್ಲ. ಘಟ್ಟಗಳಲ್ಲಿ ಅರಣ್ಯ ಸಿಬ್ಬಂದಿ ಪ್ರಾಣ ಕಳೆದುಕೊಂಡ ಪ್ರಕರಣಗಳಿವೆ. 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಡೆ ನಡೆದದ್ದು ಅವುಗಳಲ್ಲೊಂದು. ಊರವರು ಉತ್ಸಾಹದಿಂದ ಗುಡ್ಡ ಹತ್ತಿ ಬೆಂಕಿಯ ಎದುರು ನಿಲ್ಲುವುದನ್ನು ನಾನು ಎಂದೂ ಪ್ರೋತ್ಸಾಹಿಸುವುದಿಲ್ಲ.

ಇನ್ನು ಬಂಡೀಪುರ. ಘಟ್ಟದ ಮಳೆ ನೆರಳಿನಲ್ಲಿರುವ ಈ ಎಲೆ ಉದುರುವ ಕಾಡಿಗೆ ಕರಾವಳಿಯ ಮಳೆಯ ಕಾಲು ಭಾಗವೂ ಬೀಳುವುದಿಲ್ಲ. ಹಿಂಗಾರು ಮುಗಿದ ಮೇಲೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಒಣಗುವುದೊಂದೇ ಕೆಲಸ. ತೇಗ, ದಿಂಡಿಗ ಮೊದಲಾದ ಮರಗಳು ಎಲೆ ಕಳಚುತ್ತವೆ. ದೊಡ್ಡ ತೇಗದೆಲೆ ಒಣಗಿ ಮುದುರಿಕೊಂಡು ಒಂದರ ಮೇಲೊಂದು ಬಿದ್ದಾಗ ನಡುನಡುವೆ ಗಾಳಿಯಾಡುವ ಹಾಸಿಗೆಯಾಗುತ್ತದೆ, ಬೆಂಕಿಗೆ ಅದಕ್ಕಿಂತ ಅನುಕೂಲದ ಜೋಡಣೆ ಬೇರೊಂದಿಲ್ಲ. ಎಲೆ ಉದುರಿದ ಮೇಲೆ ನೆರಳೂ ಇಲ್ಲ, ನೆಲದ ತನಕ ಬಿಸಿಲು. ಇದರ ಜೊತೆಗೆ ಲಂಟಾನ. ಹಸಿರಿದ್ದಾಗಲೂ ಒಳಗಡೆ ಒಣಕಡ್ಡಿಯ ರಾಶಿ ತುಂಬಿರುವ ಈ ಪೊದೆ, ನೆಲಮಟ್ಟದಲ್ಲಿ ಮೊಣಕಾಲೆತ್ತರ ಉರಿಯಬೇಕಾಗಿದ್ದ ಬೆಂಕಿಯನ್ನು ಮರದ ಕೊಂಬೆಯವರೆಗೆ ಏರಿಸುತ್ತದೆ.

2019ರ ಫೆಬ್ರುವರಿ ಮೂರನೆಯ ವಾರದ ಕೊನೆಗೆ ಗೋಪಾಲಸ್ವಾಮಿ ಬೆಟ್ಟ ಮತ್ತು ಕುಂದಕೆರೆ ವಲಯಗಳಲ್ಲಿ ಹಬ್ಬಿದ ಬೆಂಕಿ ಕೆಲವೇ ದಿನಗಳಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡನ್ನು ಸುಟ್ಟಿತು. ಫೆಬ್ರುವರಿ 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ತೂಗುಬುಟ್ಟಿಯಲ್ಲಿ ನೀರು ತಂದು ಸುರಿದವು. ಅಲ್ಲಿ ಫೆಬ್ರುವರಿ ಕಡುಬೇಸಗೆಯ ತಿಂಗಳಲ್ಲ. ಏಪ್ರಿಲ್‌ನಲ್ಲಿ ಇನ್ನೂ ಹೆಚ್ಚು ಬಿಸಿಯಿರುತ್ತದೆ. ಆದರೆ ಏಪ್ರಿಲ್‌ನಲ್ಲಿ ರೇವತಿ, ಅಶ್ವಿನಿ ಮಳೆಗಳು ಗುಡುಗಿನೊಡನೆ ಬಂದು ನೆಲ ತೊಯ್ಯಿಸಿಬಿಡುತ್ತವೆ, ಚಿಗುರು ಬರುತ್ತದೆ. ಒಣಗುವಿಕೆ ತುದಿ ಮುಟ್ಟಿ ಮಳೆ ಇನ್ನೂ ಬಾರದಿರುವ ಫೆಬ್ರುವರಿ ನಡುವಿನಿಂದ ಮಾರ್ಚ್ ಕೊನೆಯವರೆಗಿನ ಅವಧಿಯೇ ಅಲ್ಲಿನ ಕಂಟಕ. ಬಂಡೀಪುರದಲ್ಲಿ ಥರ್ಮಾಮೀಟರ್ ದಾರಿ ತಪ್ಪಿಸುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿ.

ಈ ನಿಧಾನದ ಒಣಗುವಿಕೆಯನ್ನು ಅಳೆಯಲು ಕೆನಡಾದಲ್ಲಿ ರೂಪುಗೊಂಡ ಬೆಂಕಿ ಹವೆಯ ಸೂಚ್ಯಂಕವನ್ನು ಇಂದು ಹಲವು ದೇಶಗಳು ಬಳಸುತ್ತವೆ. ನಡುಹಗಲಿನ ಉಷ್ಣತೆ, ಆರ್ದ್ರತೆ, ಗಾಳಿಯ ವೇಗ ಮತ್ತು ಹಿಂದಿನ 24 ಗಂಟೆಗಳ ಮಳೆ, ಈ ನಾಲ್ಕರಿಂದ ಅದು ಮೂರು ಪದರಗಳ ಲೆಕ್ಕವಿಡುತ್ತದೆ: ಒಂದು ದಿನದೊಳಗೆ ಒಣಗುವ ಮೇಲಿನ ತರಗು, ಎರಡು ವಾರದಲ್ಲಿ ಒಣಗುವ ಕೊಳೆತೆಲೆಯ ಪದರ, ಎರಡು ತಿಂಗಳ ಹತ್ತಿರ ತೆಗೆದುಕೊಳ್ಳುವ ಆಳದ ಪದರ. ಅರ್ಧ ಮಿಲಿಮೀಟರಿಗಿಂತ ಕಡಿಮೆ ಮಳೆಯನ್ನು ಮೇಲಿನ ಪದರಕ್ಕೂ ಲೆಕ್ಕಕ್ಕೆ ಹಿಡಿಯುವುದಿಲ್ಲ; ಆಳದ ಪದರಕ್ಕೆ 2.8 ಮಿಲಿಮೀಟರ್ ಮೀರಿದರೆ ಮಾತ್ರ ಲೆಕ್ಕ. ಫೆಬ್ರುವರಿಯಲ್ಲಿ ನಾಲ್ಕು ಹನಿ ಬಿದ್ದಾಗ ಇನ್ನು ಕಾಡಿಗೆ ಭಯವಿಲ್ಲ ಎಂದುಕೊಳ್ಳುವವರು ಈ ಎರಡು ಅಂಕಿಗಳನ್ನು ನೆನಪಿಡುವುದು ಒಳ್ಳೆಯದು. ಕರಾವಳಿಯಲ್ಲಿ ಮೇಲಿನ ಪದರ ಪ್ರತಿ ರಾತ್ರಿ ಇಬ್ಬನಿಗೆ ತೊಯ್ದು ಪ್ರತಿ ಹಗಲು ಒಣಗುತ್ತದೆ, ಆದ್ದರಿಂದ ಅಪಾಯ ಬಂದು ಹೋಗುತ್ತಿರುತ್ತದೆ. ಬಂಡೀಪುರದಲ್ಲಿ ಮೂರೂ ಪದರ ಒಟ್ಟಿಗೆ ಒಣಗಿ ಕುಳಿತಿರುವುದರಿಂದ ಒಂದು ರಾತ್ರಿಯ ತಂಪು ಬೆಂಕಿಯನ್ನು ಕುಗ್ಗಿಸುತ್ತದೆಯೇ ಹೊರತು ಆರಿಸುವುದಿಲ್ಲ. ದಿಮ್ಮಿಯೊಳಗೆ ಕನಲುತ್ತಿದ್ದ ಕೆಂಡ ಮರುದಿನ 11 ಗಂಟೆಗೆ ಗಾಳಿ ಏಳುತ್ತಲೇ, ಬೆಂಕಿ ದಾಟದಂತೆ ಹುಲ್ಲು ತೆಗೆದು ಮಾಡಿದ ಬೆಂಕಿ ರೇಖೆಯ ಆಚೆಗೆ ಹಾರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಈ ಘಟ್ಟದ ಮೂಡುಗಾಳಿಯ ವರ್ಣನೆ ಪರಿಚಿತವೆನಿಸೀತು. ಅಲ್ಲಿ ಒಳನಾಡಿನ ಎತ್ತರದ ಮರುಭೂಮಿಯಿಂದ ಬೆಟ್ಟ ದಾಟಿ ಕಡಲಿಗೆ ಇಳಿಯುವ ಸಾಂತಾ ಆನಾ ಗಾಳಿಯ ಭೌತಶಾಸ್ತ್ರ ನಮ್ಮದೇ. ಲಾಸ್ ಏಂಜಲೀಸ್ ಪರಿಸರದಲ್ಲಿ 2025ರ ಜನವರಿ 7ರಂದು ಎದ್ದ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳು 16,000ಕ್ಕೂ ಹೆಚ್ಚು ಕಟ್ಟಡಗಳನ್ನು ನಾಶಮಾಡಿ 31 ಜನರನ್ನು ಬಲಿ ತೆಗೆದುಕೊಂಡದ್ದು ನಡುಚಳಿಗಾಲದಲ್ಲಿ. ಎರಡು ಮಳೆಗಾಲಗಳು ಹುಲುಸಾಗಿ ಪೊದೆ ಬೆಳೆಸಿ ಹೋಗಿದ್ದವು, ಆಮೇಲೆ ಎಂಟು ತಿಂಗಳು ಆ ನಗರದಲ್ಲಿ ಒಟ್ಟು ಹತ್ತು ಮಿಲಿಮೀಟರ್ ಮಳೆಯೂ ಆಗಿರಲಿಲ್ಲ, ಬೆಟ್ಟಗಳ ಮೇಲೆ ಗಾಳಿ ಗಂಟೆಗೆ 130 ಕಿಲೋಮೀಟರ್ ಮೀರಿತ್ತು. ಘಟ್ಟದ ಮೂಡುಗಾಳಿಗೆ ಆ ವೇಗ ಇಲ್ಲ, ನಮ್ಮ ಕಾಡಿನ ಅಂಚಿನಲ್ಲಿ ಸಾಲುಸಾಲಾಗಿ ಮರದ ಮನೆಗಳೂ ಇಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ. ಆದರೆ ಬೆಂಕಿಯ ಅಪಾಯದ ದಿನಗಳಿಗೆ ಅಲ್ಲಿಯ ಹವಾಮಾನ ಕಚೇರಿ ಕೊಡುವ ಕೆಂಪು ಬಾವುಟದ ಎಚ್ಚರಿಕೆ ಗಮನಾರ್ಹ. ಲಾಸ್ ಏಂಜಲೀಸ್ ಭಾಗಕ್ಕೆ ಅದರ ಮುಖ್ಯ ಅಳತೆಗೋಲು ಶೇ 15ರೊಳಗಿನ ಆರ್ದ್ರತೆ ಮತ್ತು ಗಂಟೆಗೆ 40 ಕಿಲೋಮೀಟರ್ ಮೀರಿದ ಗಾಳಿ ಆರು ಗಂಟೆಯಷ್ಟು ಕಾಲ ಕೂಡಿರುವುದು. ಉಷ್ಣತೆಯ ಮಾತೇ ಅದರಲ್ಲಿಲ್ಲ.

ನಮ್ಮಲ್ಲಿ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹಗಳು ಕಂಡ ಬೆಂಕಿಯ ಬಿಂದುಗಳನ್ನು ಅರಣ್ಯ ಸಿಬ್ಬಂದಿಗೂ ನೋಂದಾಯಿಸಿಕೊಂಡ ಸಾರ್ವಜನಿಕರಿಗೂ ಕಳುಹಿಸುತ್ತದೆ. ಅದು ಉಪಯುಕ್ತ ಸೇವೆ, ಆದರೆ ಅದು ಹೇಳುವುದು ಹತ್ತಿದ ಬೆಂಕಿಯನ್ನು. 375 ಮೀಟರ್ ಸೂಕ್ಷ್ಮತೆಯ ಉಪಗ್ರಹ ಉಪಕರಣ ನಿಮ್ಮ ಗುಡ್ಡದ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಮೂರು ಗಂಟೆಗೆ ಹತ್ತಿ ಸಂಜೆಗೆ ಆರಿದ ಹುಲ್ಲಿನ ಬೆಂಕಿ ಅದರ ಕಣ್ಣಿಗೆ ಬೀಳದೆಯೇ ಹೋಗಬಹುದು. ಹತ್ತುವ ಮೊದಲೇ ತಿಳಿಯಬೇಕೆಂದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಇಟ್ಟಿರುವ ಸ್ವಯಂಚಾಲಿತ ಹವಾಮಾನ ಕೇಂದ್ರಗಳ ಮಾಹಿತಿ ಹೆಚ್ಚು ಸಹಾಯಕ. ಪತ್ರಿಕೆಯಲ್ಲಿ ಬರುವ ಬೆಳಿಗ್ಗೆ 8.30 ಮತ್ತು ಸಂಜೆ 5.30ರ ಆರ್ದ್ರತೆಯನ್ನು ನೋಡಿ ಸಮಾಧಾನ ಪಡಬೇಡಿ. ದಿನದ ಅತಿ ಒಣ ಗಳಿಗೆ ಇವೆರಡರ ನಡುವೆ ಬಂದು ಹೋಗಿರುತ್ತದೆ. ನಡುಹಗಲಿನ ಆರ್ದ್ರತೆ ಶೇ 30ಕ್ಕಿಂತ ಕೆಳಗಿದ್ದು, ಗಾಳಿ ಇನ್ನೂ ಮೂಡಣದಿಂದಲೇ ಇದ್ದು, ಒಳ್ಳೆಯ ಮಳೆ ಬಿದ್ದು ತಿಂಗಳು ಕಳೆದಿದ್ದರೆ, ಥರ್ಮಾಮೀಟರ್ 34 ತೋರಿಸಲಿ 38 ತೋರಿಸಲಿ, ಅದನ್ನು ಬೆಂಕಿಯ ದಿನವೆಂದೇ ಎಣಿಸಿ. ಶೇ 30 ಎಂಬುದು ನಿಯಮದ ಪುಸ್ತಕದ ಅಂಕಿಯಲ್ಲ, ಕರಾವಳಿಗೆ ನಾನು ಹಾಕಿಕೊಂಡಿರುವ ಗೆರೆ. ಬಂಡೀಪುರದಲ್ಲಿ ಅದೇ ಗೆರೆ ಹಾಕಿದರೆ ಇಡೀ ಮಾರ್ಚ್ ತಿಂಗಳೇ ಬೆಂಕಿಯ ದಿನವಾಗಿಬಿಡುತ್ತದೆ.

ಸೊಪ್ಪು ಕಡ್ಡಿಯ ಮೇಲೆ ಮಣ್ಣು ಮುಚ್ಚಿ ಸುಟ್ಟು ಸುಡುಮಣ್ಣು ಮಾಡುವುದು, ತೋಟದ ಕಸ ಸುಡುವುದು ಅಂಥ ದಿನ ಬೇಡವೇ ಬೇಡ. ಪಡುಗಾಳಿ ಬಂದ ಮೇಲೆ ಸಂಜೆ ಹಚ್ಚಿದರೆ ಸುರಕ್ಷಿತ ಎಂಬ ರೂಢಿಯ ಮಾತು ಸಮತಟ್ಟಾದ ಅಂಗಳಕ್ಕೆ ಒಂದು ಮಟ್ಟಿಗೆ ಸರಿ, ಏಕೆಂದರೆ ಆಗ ಆರ್ದ್ರತೆ ಏರುತ್ತಿರುತ್ತದೆ. ಆದರೆ ಮಣ್ಣಿನ ಒಳಗೆ ಕನಲುವ ರಾಶಿ ಬೆಳಗಿನವರೆಗೂ ಆರುವುದಿಲ್ಲ, ಅಷ್ಟರಲ್ಲಿ ಗಾಳಿ ಮತ್ತೆ ಮೂಡಣಕ್ಕೆ ತಿರುಗಿರುತ್ತದೆ, ಹತ್ತು ಗಂಟೆಯ ಹೊತ್ತಿಗೆ ಇಬ್ಬನಿಯೂ ಆರಿರುತ್ತದೆ. ಇಳಿಜಾರಿನ ಜಾಗದಲ್ಲಿ ಡಿಸೆಂಬರ್ ಕಳೆದ ಮೇಲೆ ಬೆಂಕಿ ಹಚ್ಚುವ ಕೆಲಸವನ್ನೇ ಇಟ್ಟುಕೊಳ್ಳಬಾರದು.

ನಿಮ್ಮ ಮನೆ ಘಟ್ಟದ ಬುಡದಲ್ಲಿರುವುದರಿಂದ ಯಾವ ಬದಿಯನ್ನು ಮೊದಲು ಚೊಕ್ಕಟ ಮಾಡಬೇಕೆಂಬುದಕ್ಕೂ ಗಾಳಿಯ ದಿಕ್ಕೇ ಉತ್ತರ. ರಾತ್ರಿಯಿಂದ ಮಧ್ಯಾಹ್ನದವರೆಗೆ ಗಾಳಿ ಮೇಲಿನಿಂದ, ಮೂಡಣದಿಂದ ಇಳಿಯುತ್ತದೆ. ಗುಡ್ಡದ ಬೆಂಕಿ ಕೆಳಗೆ ನಿಧಾನವಾಗಿಯೇ ಬಂದರೂ ಹಾರುವ ಕಿಡಿ ಮತ್ತು ಉರಿಯುತ್ತ ಉರುಳುವ ಕೊರಡು ಆ ಬದಿಯಿಂದಲೇ ಬರುತ್ತವೆ. ಆದ್ದರಿಂದ ಜನವರಿ ಮುಗಿಯುವುದರೊಳಗೆ ಮೂಡಣ ಬದಿಯಲ್ಲಿ ಹುಲ್ಲು, ತರಗೆಲೆ ಕೆರೆದು ಮಣ್ಣು ಕಾಣುವಂತೆ ಅಗಲವಾದ ಪಟ್ಟಿ ಮಾಡಿ, ಉರುಳಿಬಂದ ಕೊರಡು ತಡೆದು ನಿಲ್ಲಲು ಅಡ್ಡಲಾಗಿ ಒಂದು ಆಳವಿಲ್ಲದ ಕಣಿ ತೋಡಿಸಿ. ಹಂಚಿನ ಮಾಡಿನ ಸಂದಿನಲ್ಲಿ, ದಂಬೆಯಲ್ಲಿ ಕೂತ ಎಲೆಗಳನ್ನು ತೆಗೆಸಿ, ಸೌದೆಯ ರಾಶಿಯನ್ನು ಗೋಡೆಯಿಂದ ದೂರ ಸರಿಸಿ. ಪಡುವಣ ಬದಿಯಲ್ಲಿ ನಿಮ್ಮ ಗೇರು ತೋಪಿಗೂ ಕೆಳಗಿನ ರಸ್ತೆಗೂ ನಡುವಿನ ಹುಲ್ಲು ಮಧ್ಯಾಹ್ನದ ಅಪಾಯ: ರಸ್ತೆಯಂಚಿನಲ್ಲಿ ಬಿದ್ದ ಕಿಡಿ ಪಡುಗಾಳಿಯ ಜೊತೆ ಏರಿಬರುವುದು ಆ ದಾರಿಯಲ್ಲಿ. ಅಲ್ಲಿ ರಸ್ತೆಯ ಉದ್ದಕ್ಕೆ ನಾಲ್ಕೈದು ಮೀಟರ್ ಅಗಲದ ಹುಲ್ಲು ಕತ್ತರಿಸಿ ಹೊರಗೆ ಸಾಗಿಸಿದರೆ ಸಾಕು. ಕತ್ತರಿಸಿ ಅಲ್ಲೇ ಒಣಗಲು ಬಿಟ್ಟರೆ ಕತ್ತರಿಸದಿದ್ದುದಕ್ಕಿಂತ ಕೆಟ್ಟದು.